ಗೋಡೆಯ ಮೇಲಿನ ಸಂಪಾದಕರು

ನಮ್ಮ ಅಕ್ಕನ ಗಂಡ ಪತ್ರಿಕಾ ಸಂಪಾದಕರಾಗಿದ್ದರು ಎಂದರೆ ನೀವು ನಂಬಲೇಬೇಕು. ಅವರ ಪತ್ರಿಕೆಗೆ ಒಂದೇ ಒಂದು ಪ್ರತಿ ಇತ್ತು, ಅದನ್ನು ಯಾರೂ ಮನೆಗೆ ಒಯ್ಯುವಂತಿರಲಿಲ್ಲ, ಮಳೆ ಬಂದರೆ ಪತ್ರಿಕೆ ಪೂರ್ತಿ ತೊಳೆದು ಹೋಗುತ್ತಿತ್ತು ಎಂಬುದೆಲ್ಲ ನಿಜ. ಆದರೆ ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಬರುವುದು ಯಾವಾಗ? ಹಾಗಾಗಿ ಅವರ ಒಂದೊಂದು ಸಂಚಿಕೆಗೂ ದೀರ್ಘಾಯುಷ್ಯ!

ಪತ್ರಿಕೆ ಎಂದರೆ ಮತ್ತೇನಲ್ಲ, ಅವರ ಮನೆಯ ಬೀದಿ ಕಡೆಯ ಗೋಡೆ. ಅದಕ್ಕೆ ಇದ್ದಿಲ ಮಸಿ ಬಳಿದು, ಒಣಗಿಸಿ, ಸುಣ್ಣದ ಕಲ್ಲಿನಿಂದ ಭಾವನವರು ಬೆಳಗ್ಗೆ ಸುದ್ದಿ ಬರೆಯುತ್ತಿದ್ದರು. ಓದು ಬಲ್ಲವರು ಓದುತ್ತಿದ್ದರು. ಓದು ಬಾರದವರಿಗೆ ಅವರೇ ಓದಿ ಹೇಳುತ್ತಿದ್ದರು. ಕೇಳಲು ಮನಸ್ಸಿಲ್ಲದವರನ್ನು ತೋಳು ಹಿಡಿದು ನಿಲ್ಲಿಸಿಕೊಂಡು ಹೇಳುತ್ತಿದ್ದರು. ಇಷ್ಟು ಪ್ರಸಾರವಿದ್ದ ಪತ್ರಿಕೆ ಪುಣೆಯಲ್ಲಾದರೂ ಇತ್ತೇ?

ಊರ ಹೆಸರು ಬೇಡ. ಉಟಗಿಯಲ್ಲಿ ಬಸ್ಸು ಇಳಿದು ಗುಡ್ಡದ ಕಡೆ ನಡೆದರೆ ಸಿಗುತ್ತದೆ ಎಂದರೆ ಸಾಕು. ನನಗೆ ಅಲ್ಲಿನ ಕನ್ನಡ ಸಾಲಿಗೆ ಮಾಸ್ತರನಾಗಿ ಮೊದಲ ನೇಮಕವಾದಾಗ ಅಕ್ಕನ ಮನೆಯಲ್ಲೇ ಉಳಿದೆ. ಸಂಸ್ಥಾನ ವಿಲೀನವಾಗಿ ನಾವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ ಹೊಸತು. ಅರಮನೆಯ ಅಧಿಕಾರ ಹೋಗಿದೆ ಎಂದು ಎಲ್ಲರಿಗೂ ತಿಳಿದಿತ್ತು. ಹೋಗಿ ಎಲ್ಲಿ ಕುಳಿತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕುರಿ ಕಾಯುವ ಬೀರಪ್ಪ ಎಂಬ ಮುದುಕ ಒಂದು ದಿನ ಗೋಡೆಯ ಮುಂದೆ ನಿಂತು ಕೇಳಿದ:

"ಸಂಪಾದಕರ, ಈಗ ನಮ್ಮ ರಾಜಾ ಯಾರ್ರಿ?"

"ನೀನs ಅಪ್ಪಾ. ಇನ್ಮ್ಯಾಲ ಪ್ರಜಾನ ರಾಜಾ."

"ನಾನಾ? ಮತ್ತ ನಾಳಿ ಪಾಟೀಲರ ಹೊಲಕ್ಕ ಬಿಟ್ಟಿ ದುಡ್ಯಾಕ ಯಾರ ಹೋಗಬೇಕ?"

"ರಾಜಾನ ಹೋಗಬೇಕು!" ಎಂದರು ಭಾವ. ಮರುದಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇದೇ ಸುದ್ದಿ: "ನಮ್ಮೂರ ರಾಜರು ಇಂದು ಪಾಟೀಲರ ಹೊಲದಲ್ಲಿ ಕಳೆ ಕೀಳುತ್ತಿದ್ದಾರೆ."

ದೇಶದ ಸುದ್ದಿಗೆ ಭಾವನವರು ಮರಾಠಿ ಪತ್ರಿಕೆಗಳನ್ನು ಆಧರಿಸಿದ್ದರು. ಆ ಪತ್ರಿಕೆಗಳು ನೇರವಾಗಿ ಬರುತ್ತಿರಲಿಲ್ಲ. ಉಟಗಿಯ ಬಸ್ಸು ನಿಲ್ಲುವ ಕಡೆ ಭಜಿ ಕಟ್ಟಿಕೊಟ್ಟ ಕಾಗದದ ರೂಪದಲ್ಲಿ ಬರುತ್ತಿದ್ದವು. ಅರ್ಧ ಸುದ್ದಿ ಇರುತ್ತಿತ್ತು, ಅರ್ಧ ಹರಿದಿರುತ್ತಿತ್ತು. ಪ್ರಾಮಾಣಿಕರಾದ ನಮ್ಮ ಭಾವ ಇಲ್ಲದ್ದನ್ನು ಸೇರಿಸುವವರಲ್ಲ. "ಮಂತ್ರಿಗಳು ಭಾಷಣ ಮಾಡುತ್ತ, ಬಡ ರೈತರಿಗೆಲ್ಲ ಕೂಡಲೇ..." ಎಂದು ಬರೆದು, ಕೆಳಗೆ "ಮುಂದಿನ ಭಾಗವು ಎಣ್ಣೆಯಲ್ಲಿ ಅಳಿಸಿದೆ" ಎಂದು ಟಿಪ್ಪಣಿ ಹಾಕುತ್ತಿದ್ದರು. ಆಮೇಲೆ ಎಷ್ಟೋ ಮಂತ್ರಿಗಳ ಭಾಷಣ ನಾನು ಕೇಳಿದ್ದೇನೆ. ಅವುಗಳಿಗೆಲ್ಲ ಈ ಟಿಪ್ಪಣಿ ಸರಿಹೊಂದುತ್ತದೆ!

ಅಕ್ಕ ಒಳಗಿನಿಂದ ಕೂಗುತ್ತಿದ್ದಳು: "ಮನ್ಯಾಗ ಹಿಟ್ಟಿಲ್ಲ ಅನ್ನೂ ಸುದ್ದಿ ನಿಮ್ಮ ಪೇಪರದಾಗ ಯಾವಾಗ ಬರ್ತದ?"

"ಹಳೀ ಸುದ್ದಿ ನಾವು ಹಾಕೂದಿಲ್ಲ," ಎನ್ನುತ್ತಿದ್ದರು ಸಂಪಾದಕರು. ಹಾಗೆಂದು ಕೈ ತೊಳೆದುಕೊಂಡು ಗಿರಣಿಗೆ ಹೊರಡುತ್ತಿದ್ದರು ಅನ್ನಿ.

ಪಾಟೀಲರಿಗೂ ಭಾವನಿಗೂ ಶುರುವಾದದ್ದು ಒಂದು ಕುದುರೆಯಿಂದ. ಪಾಟೀಲರು ಊರ ಮುಖ್ಯಸ್ಥರು. ಅವರು ಕುದುರೆಯ ಮೇಲೆ ಬಂದರೆ ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ನಿಂತು, ತಲೆಯ ರುಮಾಲು ಸರಿಮಾಡಿಕೊಂಡು, ಕೈ ಮುಗಿಯುವುದು ಅಜ್ಜನ ಕಾಲದ ಪದ್ಧತಿ. ಒಂದು ದಿನ ಕುದುರೆ ಗೂಟ ಕಿತ್ತುಕೊಂಡು ತಾನೊಂದೇ ಓಡಿಬಂತು. ಕಟ್ಟೆಯ ಜನ ದಡಕ್ಕನೆ ಎದ್ದು ಕೈ ಮುಗಿದರು! ಕುದುರೆ ಅವರನ್ನು ಒಮ್ಮೆ ನೋಡಿ, ಬಾಲ ಎತ್ತಿ, ತನ್ನ ಕೆಲಸ ಮುಗಿಸಿ ಹೋಯಿತು. ಭಾವನವರು ಬರೆದರು: "ಸಂಸ್ಥಾನ ಹೋಯಿತು. ಆದರೂ ಪಾಟೀಲರ ಕುದುರೆ ಬಂದರೆ ಜನ ಎದ್ದು ನಿಲ್ಲುತ್ತಾರೆ. ಕುದುರೆಯ ಮೇಲೆ ಪಾಟೀಲರು ಇರಲಿಲ್ಲ."

ಚಾವಡಿಯಿಂದ ಕರೆ ಬಂತು. ನಾನೂ ಬೆನ್ನ ಹಿಂದೆ ಹೋದೆ.

"ಏನೋ ಸಂಪಾದಕಾ, ನನ್ನ ಕುದರಿ ಮ್ಯಾಲ ಬರದಿಯಂತ?" ಎಂದರು ಪಾಟೀಲರು.

"ಕುದರಿ ಮ್ಯಾಲ ಅಲ್ರಿ ಸಾಹೇಬ್ರ, ಗ್ವಾಡಿ ಮ್ಯಾಲ ಬರದೀನ್ರಿ."

"ನಾಲಿಗಿ ಉದ್ದ ಮಾಡಬ್ಯಾಡ. ಬರದಿದ್ದು ಸುಳ್ಳ ಅದ."

"ಸುಳ್ಳಿದ್ರ ತಿದ್ದತೀನ್ರಿ. ಯಾವ ಮಾತ ಸುಳ್ಳ, ಹೇಳ್ರಿ."

ಪಾಟೀಲರು ಬಹಳ ಹೊತ್ತು ಯೋಚಿಸಿದರು. ಜನ ಎದ್ದದ್ದು ನಿಜ, ತಾವು ಮೇಲಿರಲಿಲ್ಲ ಎಂಬುದೂ ನಿಜ. ಕೊನೆಗೆ ಅವರ ವ್ಯವಹಾರ ನೋಡುವ ಕಾರಭಾರಿ ಕಿವಿಯಲ್ಲಿ ಏನೋ ಉಸುರಿದ. ಪಾಟೀಲರ ಮುಖ ಅರಳಿತು. "ಕುದರಿ ಅಂತ ಬರದಿ. ಎಲ್ಲಾರೂ ಗಂಡ ಅಂತ ತಿಳಕೊಂಡಾರ. ಅದು ಹೆಣ್ಣಗುದರಿ!"

ಮರುದಿನ ಬೆಳಗ್ಗೆ ಗೋಡೆಯ ಮೇಲೆ: "ತಿದ್ದುಪಡಿ. ಜನ ಎದ್ದು ನಿಂತು ಕೈ ಮುಗಿದದ್ದು ಗಂಡು ಕುದುರೆಗಲ್ಲ, ಹೆಣ್ಣು ಕುದುರೆಗೆ. ತಪ್ಪಿಗಾಗಿ ವಿಷಾದಿಸುತ್ತೇವೆ."

ಪತ್ರಿಕೆ ಒಂದೇ ಆಗಿದ್ದರೆ ಪಾಟೀಲರು ಹೇಗೋ ತಡೆದುಕೊಳ್ಳುತ್ತಿದ್ದರು. ಭಾವನವರಿಗೆ ನಾಟಕದ ಹುಚ್ಚೂ ಇತ್ತು. ನಮ್ಮ ಕಡೆ ಆಟಗಳು ಕತ್ತಲಾದ ಮೇಲೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುತ್ತವೆ. ಭಾವನವರದು ಎಲ್ಲ ಉಲ್ಟಾ! ಸುಗ್ಗಿ ಮುಗಿದ ಕಣದಲ್ಲಿ, ಸುಡು ಬಿಸಿಲಿನಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಆಟ. ಯಾಕೆಂದು ಕೇಳಿದರೆ, "ರಾಜಾ ಅನ್ನಾಂವ ದೀಪದ ಬೆಳಕಿನ್ಯಾಗಷ್ಟ ಚಲೋ ಕಾಣ್ತಾನ. ಹಗಲಿ ನೋಡಬೇಕು ಅವನ್ನ," ಎಂಬ ಉತ್ತರ.

ರಾಜನ ಪಾತ್ರ ಯಾವಾಗಲೂ ಪಾಟೀಲರ ತಮ್ಮನಿಗೇ. ಅಭಿನಯ ಬರುತ್ತಿತ್ತೆಂದಲ್ಲ, ಕಿರೀಟ ಅವರ ಮನೆಯ ಪೆಟ್ಟಿಗೆಯಲ್ಲಿತ್ತು ಎಂದು! ಭಾವ ಯಾವಾಗಲೂ ಹಾಸ್ಯಗಾರ. ಒಮ್ಮೆ ರಾಜರು ಸಿಂಹಾಸನದ ಮೇಲಿಂದ "ಎಲೈ ಸೇವಕಾ!" ಎಂದು ಗರ್ಜಿಸುವಾಗ ಬೆವರಿಗೆ ಅಂಟು ಬಿಟ್ಟು ಅರ್ಧ ಮೀಸೆ ತುಟಿಯೊಳಗೆ ಇಳಿಯಿತು. ರಾಜರು ಉಗುಳಬೇಕೋ ನುಂಗಬೇಕೋ ತಿಳಿಯದೆ ಕಣ್ಣು ಬಿಡುತ್ತಿದ್ದರು. ಭಾವ ಜನರ ಕಡೆ ತಿರುಗಿ ಕೈ ಜೋಡಿಸಿ, "ಕೇಳ್ರಪ್ಪೋ! ಮಹಾರಾಜರ ಮೀಸಿ ವಿಲೀನ ಆತು!" ಎಂದರು. ಕಣದಲ್ಲಿ ಜನ ಉರುಳಾಡಿದರು. ಪಾಟೀಲರ ತಮ್ಮ ಆಮೇಲೆ ಸುಮಾರು ದಿನ ನಮ್ಮ ಬೀದಿಯಲ್ಲಿ ಹಾಯಲಿಲ್ಲ.

ಹೀಗಿರುವಾಗ ಊರಿಗೆ ಒಬ್ಬ ಮೌನಿ ಬಂದ.

ಯಾರೂ ಕರೆಯಲಿಲ್ಲ, ಯಾಕೆ ಬಂದ ಎಂದೂ ತಿಳಿಯದು. ಒಂದು ಬೇಸಿಗೆಯ ಮುಂಜಾನೆ ಊರ ಹೊರಗಿನ ಬನ್ನಿ ಮರದ ಕೆಳಗೆ ಕಂಬಳಿ ಹೊದ್ದು ಕುಳಿತಿದ್ದ. ಬಿಳಿ ಗಡ್ಡ, ಸೊರಗಿದ ಮೈ. ಏನು ಕೇಳಿದರೂ ಮಾತಿಲ್ಲ, ಕೈಸನ್ನೆ ಮಾತ್ರ. ನಮ್ಮ ಜನಕ್ಕೆ ಇಷ್ಟು ಸಾಲದೇ? ಮಾತಾಡುವ ಸ್ವಾಮಿಗಳನ್ನು ಬೇಕಾದಷ್ಟು ನೋಡಿದ್ದರು; ಅವರು ಹೇಳಿದ್ದು ತಪ್ಪಾದದ್ದನ್ನೂ ನೋಡಿದ್ದರು. ಮಾತೇ ಆಡದ ಸ್ವಾಮಿ ತಪ್ಪುವುದಾದರೂ ಹೇಗೆ? ತೆಂಗಿನಕಾಯಿ ಬಂದವು, ಹೂವು ಬಂದವು. ಪಾಟೀಲರು ಚಪ್ಪರ ಹಾಕಿಸಿದರು. ಸನ್ನೆಗಳ ಅರ್ಥ ಹೇಳುವ ಸೇವೆಯನ್ನು ಅವರ ಕಾರಭಾರಿ ತಾನಾಗಿಯೇ ವಹಿಸಿಕೊಂಡ. ಎಂಥ ತ್ಯಾಗ ನೋಡಿ!

ಮೊದಮೊದಲು ಸಣ್ಣಪುಟ್ಟ ಅರ್ಥಗಳು. ಯಾರದೋ ಮಗಳಿಗೆ ವರ ಮೂಡಲ ದಿಕ್ಕಿನಿಂದ ಬರುತ್ತಾನೆ, ಯಾರದೋ ಎಮ್ಮೆ ಸಿಗುತ್ತದೆ, ಇಂಥವು. ಒಂದು ಮಧ್ಯಾಹ್ನ ಮೌನಿ ಗುಡ್ಡದ ಕಡೆ ಕೈ ಚಾಚಿದ. ಆಮೇಲೆ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದ. ಮತ್ತೆ ಗುಡ್ಡ ತೋರಿಸಿದ. ಕಾರಭಾರಿ ಕಣ್ಣು ಮುಚ್ಚಿ, ಮೈ ನಡುಗಿಸಿ ಹೇಳಿದ: "ಸ್ವಾಮಿಗಳ ಅಪ್ಪಣಿ ಆಗೇದ! ಗುಡ್ಡದ ದೇವಿ ಸಿಟ್ಟಾಗ್ಯಾಳ. ಗಾಯರಾಣದಾಗ ಕುರಿ ಬಾಯಿ ಹಾಕಬಾರದು. ಅದಕ್ಕ ಬೇಲಿ ಆಗಬೇಕು. ಪಾಟೀಲರು ನೋಡಕೋಬೇಕು."

ಗಾಯರಾಣ ಎಂದರೆ ಗುಡ್ಡದ ಬುಡದಲ್ಲಿದ್ದ, ಊರಿಗೆಲ್ಲ ಸೇರಿದ ಹುಲ್ಲುಗಾವಲು. ಕುರಿಗಾರರಿಗೆ ಇದ್ದದ್ದು ಅದೊಂದೇ. ಅದು ಹೋದರೆ ಮರಿ ಹಾಕಿದ ಕುರಿಗಳನ್ನು ಹೊಡೆದುಕೊಂಡು, ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು, ಆ ಬಿಸಿಲಿನಲ್ಲಿ ಹೊಳೆಯ ಸೀಮೆಯವರೆಗೆ ನಡೆಯಬೇಕು. ದಾರಿಯಲ್ಲಿ ಎಷ್ಟು ಮರಿ ಉಳಿದಾವು? ಆದರೂ ಬೀರಪ್ಪ ಮರುಮಾತಾಡದೆ ಕಂಬಳಿ ಮಡಚತೊಡಗಿದ. ಭಾವ ಹೋಗಿ ಕೇಳಿದರು: "ನೀ ಹೂಂ ಅಂದ್ಯಾ ಬೀರಪ್ಪಾ?"

"ದೇವರ ಮಾತ ಮೀರಾಕ ಆಗ್ತದೇನ್ರಿ? ನಮಗ ತಿಳೀತದ, ಹೋಗ್ತೀವಿ. ಕುರಿಗೆ ಹೆಂಗ ತಿಳಿಸಿ ಹೇಳೂದು, ಅದನ್ನಷ್ಟ ವಿಚಾರ ಮಾಡಾಕತ್ತೀನಿ," ಎಂದ ಬೀರಪ್ಪ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಕಣ್ಣು ತುಂಬಿತ್ತು.

ಭಾವ ಅಲ್ಲಿಂದ ನೆಟ್ಟಗೆ ಬನ್ನಿ ಮರದ ಕಡೆ ನಡೆದರು. ಮೌನಿಯ ಸಂದರ್ಶನ! ಕಾರಭಾರಿ ಅಡ್ಡ ನಿಂತು, "ಸ್ವಾಮಿಗಳು ಪೇಪರದವರ ಕೂಡ ಮಾತಾಡೂದಿಲ್ಲ," ಎಂದ. "ಮಂದಿ ಕೂಡರ ಎಲ್ಲಿ ಮಾತಾಡ್ತಾರ?" ಎಂದು ಭಾವ ಚಪ್ಪರದ ಹೊರಗೇ ನಿಂತು ಪ್ರಶ್ನೆ ಕೂಗಿ ಬಂದರು. ಮರುದಿನದ ಸಂಚಿಕೆ ಹೀಗಿತ್ತು:

"ಪ್ರಶ್ನೆ: ಗಾಯರಾಣ ದೇವಿಯದೋ, ಊರಿನದೋ, ಪಾಟೀಲರದೋ? ಸ್ವಾಮಿಗಳ ಉತ್ತರ: ಇಲ್ಲ. ಕಾರಭಾರಿಯ ಉತ್ತರ: ಬಹಳ."

ಅಂದು ಸಂಜೆಯೊಳಗೆ ಪಾಟೀಲರ ಆಳುಗಳು ಬಂದು ಗೋಡೆಗೆ ಸಗಣಿ ಮೆತ್ತಿ ಹೋದರು. ಸಂಪಾದಕರು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ಹಸಿ ಸಗಣಿಯ ಮೇಲೆ ಬೆರಳಿನಿಂದಲೇ ಕೊರೆದರು: "ಜಾಹೀರಾತು. ಈ ಸಗಣಿ ಪಾಟೀಲರ ಕೊಟ್ಟಿಗೆಯದು. ಇಷ್ಟು ಉತ್ತಮ ಮಾಲು ಊರಲ್ಲಿ ಬೇರೆಲ್ಲೂ ಸಿಗುವುದಿಲ್ಲ." ಅದು ಒಣಗಿ ಶಿಲಾಶಾಸನದಂತೆ ಕುಳಿತುಬಿಟ್ಟಿತು! ಸುಣ್ಣದ ಅಕ್ಷರ ಒರೆಸಿದರೆ ಹೋಗುತ್ತಿತ್ತು. ಇದನ್ನು ಕೆತ್ತಿ ತೆಗೆಯಬೇಕಾಯಿತು. ತೆಗೆದ ಮೇಲೆ ಪಾಟೀಲರು ಗೋಡೆಯ ಮುಂದೆ ಲಾಠಿ ಹಿಡಿದ ಒಬ್ಬ ಆಳನ್ನು ಕೂಡಿಸಿದರು. ಪತ್ರಿಕೆ ನಿಂತಿತು.

"ಪೇಪರ ನಿಂತ್ರ ನಿಲ್ಲಲಿ. ಆಟ ಮಾಡೂಣು," ಎಂದರು ಭಾವ.

ಅಮಾವಾಸ್ಯೆಗೆ ಬೇಲಿ ಹಾಕುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲು ಕಣದಲ್ಲಿ ಆಟ. ಪಾಟೀಲರ ಹತ್ತಿರ ಹೋಗಿ ಭಾವ ಬಗ್ಗಿ ನಮಸ್ಕಾರ ಮಾಡಿ, "ಭಕ್ತಿ ನಾಟಕ ಮಾಡಾಂವ ಇದೀನ್ರಿ. ಮೌನ ವ್ರತದ ಮಹಿಮಾ. ಸ್ವಾಮಿಗಳನ್ನ ಮುಂದ ಕೂಡ್ರಸಬೇಕು," ಎಂದರು. ಪಾಟೀಲರಿಗೆ ಅನುಮಾನ ಬಂದರೂ ಭಕ್ತಿಗೆ ಬೇಡ ಎನ್ನುವುದು ಹೇಗೆ? ಕಿರೀಟವನ್ನೂ ಕೊಟ್ಟರು!

ಆ ದಿನ ಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಸಂಗಿಯಿಂದ, ದರಿಬಡಚಿಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಮುಂದೆ ಪಾಟೀಲರು, ಪಕ್ಕದಲ್ಲಿ ಜಮಖಾನೆಯ ಮೇಲೆ ಮೌನಿ, ಅವನ ಪಕ್ಕ ಕಾರಭಾರಿ. ಭಾವ ಸೆಣಬಿನ ಗಡ್ಡ ಕಟ್ಟಿಕೊಂಡು ಮೌನಿಯ ವೇಷದಲ್ಲಿ ಬಂದು ಕುಳಿತರು. ಈ ಸಲ ರಾಜ ಬೇರೊಬ್ಬ, ಜೊತೆಗೆ ಒಬ್ಬ ಮಂತ್ರಿ.

ವೇಷದ ಮೌನಿ ಹೊಟ್ಟೆ ಮುಟ್ಟಿಕೊಂಡ. ಮಂತ್ರಿ ಹೇಳಿದ: "ಸ್ವಾಮಿಗಳು ಅಂತಾರ, ಆ ಹೊಲ ರಾಜರಿಗೆ ಕೊಡ್ರಿ!" ಮೌನಿ ಆಕಳಿಸಿದ. "ಬಾವೀನೂ ಕೊಡ್ರಿ!" ಮೌನಿ ಸೀನಿದ. "ತ್ವಾಟಾನೂ ಅಂತ!" ಅಷ್ಟರಲ್ಲಿ ವೇಷದ ಮೌನಿಯ ಧೋತರದೊಳಗೆ ಇರುವೆ ಹೊಕ್ಕಿತು. ಅಯ್ಯೋ, ಆ ಕುಣಿತವನ್ನು ಹೇಗೆ ಬರೆಯಲಿ! ಒಂದು ಕಾಲು ಎತ್ತಿದರು, ಇನ್ನೊಂದು ಎತ್ತಿದರು, ಎರಡೂ ಎತ್ತಿದರು. ಮಾತಾಡುವಂತಿಲ್ಲ, ಕೆರೆಯುವಂತಿಲ್ಲ, ಸ್ವಾಮಿತನ ಬಿಡುವಂತಿಲ್ಲ! ಮಂತ್ರಿ ಅವರ ಹಿಂದೆ ಓಡುತ್ತ, "ಊರs ಬರದ ಕೊಡ್ರಿ ಅಂತ ಕುಣದ ಹೇಳಾಕತ್ತಾರ!" ಎಂದು ಕೂಗಿದ.

ಮೊದಲು ನಕ್ಕವರು ಪಾಟೀಲರೇ. ತಮ್ಮ ಮೇಲೆ ಎಂದು ತಿಳಿಯುವ ಹೊತ್ತಿಗೆ ನಗು ಅರ್ಧ ದಾರಿ ದಾಟಿತ್ತು, ಹಿಂದೆ ಕರೆಯುವಂತಿರಲಿಲ್ಲ. ಆಗ ಎಲ್ಲರ ನಗುವಿನ ನಡುವೆ ಇನ್ನೊಂದು ನಗು ಕೇಳಿತು. ಎಣ್ಣೆ ಕಾಣದ ಬಾವಿ ಗಾಲಿ ತಿರುಗಿದಂತೆ ಕಿರ್ರೆಂದು ಬಂತು. ನೋಡಿದರೆ ನಿಜವಾದ ಮೌನಿ! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ನಗುತ್ತಿದ್ದಾನೆ. ನಗುತ್ತಲೇ ಕಾರಭಾರಿಯ ಕಡೆ ತಿರುಗಿ, ಒಡೆದ ದನಿಯಲ್ಲಿ ಹೇಳಿದ:

"ಎಪ್ಪಾ, ನಾ ಅವತ್ತ ನೀರ ಕೇಳಿದ್ನೋ! ಗುಡ್ಡದ ಝರಿ ನೀರ!"

ಭಾವ ಎತ್ತಿದ ಕಾಲನ್ನು ಇಳಿಸುವುದನ್ನೇ ಮರೆತಿದ್ದರು. ಈಗ ಎಲ್ಲರೂ ಕಾರಭಾರಿಯನ್ನು ಹಿಡಿಯುತ್ತಾರೆ ಎಂದು ನೀವು ತಿಳಿದಿರಾ? ನಾನೂ ಹಾಗೆಯೇ ತಿಳಿದಿದ್ದೆ. ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು: "ಅಯ್ಯಯ್ಯ, ಸ್ವಾಮಿ ಮೌನ ಮುರೀತು! ಆಟದವ ಮುರದಾ!" ಅಷ್ಟೇ ಸಾಕಾಯಿತು. ಎಲ್ಲರಿಗಿಂತ ಮೊದಲು ಎದ್ದು ಬಂದವನು ಬೀರಪ್ಪ. "ಎಂಥಾ ಪಾಪ ಕಟಗೊಂಡ್ರಿ ಸಂಪಾದಕರ! ನನ್ನ ಕುರಿ ಹೋಗಲಿ ಬಿಡ್ರಿ. ದೇವರ ವ್ರತ ಕೆಡಸೂದ?" ಎಂದು ಎದೆ ಬಡಿದುಕೊಂಡ. ಯಾರ ಹುಲ್ಲಿಗಾಗಿ ಭಾವ ಧೋತರದಲ್ಲಿ ಇರುವೆ ಬಿಟ್ಟುಕೊಂಡರೋ ಆ ಮನುಷ್ಯ!

ಮರುದಿನ ಚಾವಡಿಯಲ್ಲಿ ಪಂಚಾಯ್ತಿ ಎಂದು ಡಂಗುರವಾಯಿತು. ಭಾವ ಮೌನಿಯ ಕಾಲಿಗೆ ಬಿದ್ದು ತಪ್ಪು ಒಪ್ಪಿಕೊಳ್ಳಬೇಕು. ಇನ್ನು ಆಟವೂ ಇಲ್ಲ, ಗೋಡೆಯೂ ಇಲ್ಲ. ಒಪ್ಪದಿದ್ದರೆ ಊರ ಬಾವಿಯ ನೀರು ಬಂದ್. ಆ ಬೆಳಗ್ಗೆ ಭಾವ ರೊಟ್ಟಿ ಮುಂದಿಟ್ಟುಕೊಂಡು ತುತ್ತು ಮುರಿಯದೆ ಕುಳಿತಿದ್ದರು. ಅವರಿಗೂ ಅಂಜಿಕೆ ಎಂಬುದಿದೆ ಎಂದು ನನಗೆ ಅಂದೇ ತಿಳಿದದ್ದು. ಅಕ್ಕ ಪಲ್ಯ ಬಡಿಸುತ್ತ ಕೇಳಿದಳು:

"ನೀವು ಆಡಿದ ಆಟ ಸುಳ್ಳಾ?"

"ಅಲ್ಲ."

"ಮತ್ತ ಉಣ್ರಿ. ಬರೇ ಹೊಟ್ಟೀಲೆ ಪಂಚಾಯ್ತಿಗೆ ಹೋಗಬಾರದು."

ಚಾವಡಿಯಲ್ಲಿ ಊರೇ ನೆರೆದಿತ್ತು. ಭಾವ ಮುಂದೆ ಬಂದು ಮಂಡಿ ಊರುವಷ್ಟರಲ್ಲಿ ಮೌನಿ ಮುದುಕ ಎದ್ದು ಅವರ ರಟ್ಟೆ ಹಿಡಿದ. ದನಿ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಕೆಮ್ಮುತ್ತ, ಉಗುಳು ನುಂಗುತ್ತ ಹೇಳಿದ:

"ಇವನ್ನ ಯಾಕ ಬಗ್ಗಸ್ತೀರಿ? ನಾ ಯಾವ ದೇವರ ಮುಂದೂ ವ್ರತ ಹಿಡದಾಂವ ಅಲ್ಲ. ನೀವs ಸ್ವಾಮಿ ಅಂದ್ರಿ, ನೀವs ಕಾಯಿ ಒಡದ್ರಿ. ಹಸದಿತ್ತು, ಉಂಡೆ. ಅದು ನನ್ನ ತಪ್ಪ. ಗಾಯರಾಣದ ಮಾತ ನಾ ಅಂದಿಲ್ಲ. ನಾನೂ ಕುರಿಯವನs. ಕುರಿ ಬಾಯಾಗಿನ ಹುಲ್ಲ ಕಸೀರಿ ಅಂತ ನಾ ಹೆಂಗ ಅಂದೇನು?"

ಬೀರಪ್ಪ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದ. ಕಾರಭಾರಿ ಮಾಡಿನ ಜಂತಿಗಳನ್ನು ಪರೀಕ್ಷಿಸತೊಡಗಿದ. ಊರ ಕಣ್ಣೆಲ್ಲ ಪಾಟೀಲರ ಮೇಲೆ. ಆದರೆ ಪಾಟೀಲಕಿ ಎಂಬುದು ತಲೆತಲಾಂತರದಿಂದ ಸುಮ್ಮನೆ ಉಳಿದು ಬಂದಿರುತ್ತದೆಯೇ? ಅವರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. "ಕೇಳಿದ್ರಿಲ್ಲ? ಮಹಾತ್ಮರ ಮಾತ! ಗಾಯರಾಣ ಕುರೀದು ಅಂತ ನಾ ಮೊದಲಿಂದ ಹೇಳಕೋತ ಬಂದೀನಿ!" ಎಂದು ತಮಗಾಗಿ ತಂದಿದ್ದ ಹಾರವನ್ನು ಮುದುಕನ ಕೊರಳಿಗೆ ಹಾಕಿದರು. ಚಪ್ಪಾಳೆಯೋ ಚಪ್ಪಾಳೆ! ಲಾಠಿಯ ಆಳು ಅಂದೇ ಗೋಡೆಯ ಮುಂದಿನಿಂದ ಎದ್ದು ಹೋದ. ಮರುದಿನ ಸಂಪಾದಕರು ಬರೆದರು: "ಪಾಟೀಲರು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದರು. ನಿನ್ನೆಯವರೆಗೆ ಅವರಿಗೇ ಗೊತ್ತಿರಲಿಲ್ಲ."

ಬೇಲಿ ಆಗಲಿಲ್ಲ. ಕುರಿಗಳು ಗುಡ್ಡದ ಬುಡದಲ್ಲೇ ಉಳಿದವು. ಮುದುಕ ಮಾತ್ರ ಉಳಿಯಲಿಲ್ಲ. ಮಾತಾಡುವ ಮನುಷ್ಯನಿಗೆ ಚಪ್ಪರ ಯಾರು ಹಾಕುತ್ತಾರೆ? ಬೀರಪ್ಪ ಕೊಟ್ಟ ಹೊಸ ಕಂಬಳಿ ಹೆಗಲಿಗೇರಿಸಿ ಹೊರಟುನಿಂತ. ಅವನನ್ನು ಉಟಗಿಯ ಬಸ್ಸಿನವರೆಗೆ ಕಳಿಸಲು ಭಾವ ಹೊರಟರು, ಜೊತೆಗೆ ನಾನು. ದಾರಿಯುದ್ದಕ್ಕೂ ಭಾವ ಮುದುಕನ ಕಡೆ ತಿರುತಿರುಗಿ ನೋಡುತ್ತಿದ್ದರು. ಕೊನೆಗೆ ಕೇಳಿಯೇಬಿಟ್ಟರು:

"ವ್ರತ ಅಲ್ಲ ಅಂದ್ರಿ. ಮತ್ತ ಇಷ್ಟ ದಿನ ಮಾತ ಯಾಕ ಬಿಟ್ಟಿದ್ರಿ ಹಿರ್ಯಾರ?"

ಮುದುಕ ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಆಮೇಲೆ ಹೇಳಿದ: "ನನ್ನ ಹೆಣತಿಗೆ ಜ್ವರ ಬಂದು ಕಿವಿ ಪೂರಾ ಹೋದುವ್ರಿ. ಮಂದಿ ಮಾತಾಡಿ ನಗೂದ ನೋಡಿದ್ರ ಆಕಿ ಮೂಲ್ಯಾಗ ಕುಂತ ಅಳತಿದ್ಳು. ನಿನಗ ಕೇಳೂದಿಲ್ಲಂದ್ರ ನಾನೂ ಆಡೂದಿಲ್ಲ ಬಿಡು ಅಂದೆ. ಇಬ್ಬರೂ ಕೈಸನ್ನೀಲೆ ಬಾಳೇವು ಮಾಡಿದಿವಿ. ಚಲೋ ನಡದಿತ್ತು. ಆಕಿ ಹ್ವಾದ್ಳು. ಆಮ್ಯಾಲ ಮತ್ತ ಯಾರ ಕೂಡ ಮಾತ ಸುರು ಮಾಡೂದು? ಹಂಗs ಉಳದಬಿಟ್ಟೆ."

ಬಸ್ಸು ಬಂತು. ಮುದುಕ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಿರುಗಿ ನೋಡಿ, "ಇರಿವಿ ಕಡಸ್ಕೊಂಡು ಕುಣದ್ರಲ್ಲ, ಅದನ್ನ ಕೇಳೂದು ಬ್ಯಾಡ, ಬರೇ ನೋಡಿದ್ರ ಸಾಕು. ಆಕಿ ಇದ್ದಿದ್ರ ಭಾಳ ನಗತಿದ್ಳರಿ," ಎಂದ. ಬಸ್ಸು ಧೂಳೆಬ್ಬಿಸಿ ಹೋಯಿತು. ಧೂಳು ಇಳಿದ ಮೇಲೂ ಭಾವ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಈ ಸುದ್ದಿ ಗೋಡೆಯ ಮೇಲೆ ಬರಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ವರ್ಷ ಸುಗ್ಗಿ ಮುಗಿದು ಮತ್ತೆ ಆಟವಾಯಿತು. ಅದರ ನಟ್ಟನಡುವೆ ಭಾವ ಒಬ್ಬರೇ ಬಂದರು. ಹಾಡಿಲ್ಲ, ತಾಳವಿಲ್ಲ, ಒಂದು ಮಾತೂ ಇಲ್ಲ. ಹಟಮಾರಿ ಆಡೊಂದನ್ನು ಮನೆಗೆ ಕರೆತರುವ ಗಂಡಸಿನ ಪಾಡನ್ನು ಬರೀ ಕೈಕಾಲಿನಲ್ಲಿ, ಕಣ್ಣಿನಲ್ಲಿ ಆಡಿ ತೋರಿಸಿದರು. ಮುಂದೆ ಕುಳಿತ ಪಾಟೀಲರ ಕಡೆ ಒಮ್ಮೆಯೂ ತಿರುಗಲಿಲ್ಲ; ಹೆಂಗಸರು ಕುಳಿತ ಕಡೆಯೇ ಮುಖ ಮಾಡಿ ಆಡಿದರು. ಆಮೇಲೆ ಪ್ರತಿ ಆಟದಲ್ಲೂ ಇಂಥದೊಂದು ತುಣುಕು ಇದ್ದೇ ಇರುತ್ತಿತ್ತು. "ಅಲ್ರಿ ಸಂಪಾದಕರ, ಅಷ್ಟ ಚಲೋ ಮಾತ ಬರೀತೀರಿ, ನಡಬರಕ ಹಿಂಗ ಮೂಕರಾಟ ಯಾಕ್ರಿ?" ಎಂದು ಊರವರು ಕೇಳಿದರೆ, ಭಾವ ಮುಖದ ಬಣ್ಣ ಒರೆಸಿಕೊಳ್ಳುತ್ತ ಹೇಳುತ್ತಿದ್ದರು:

"ಕಿವಿ ಕೇಳದವರು ಯಾರರ ಬಂದಿರತಾರಪಾ."